ಕಾರ್ಯಾಲಯದ ಗಾದಿಗೆ ಮನೆಯ ಮಷಿನ್ ಸಾಲದು

ಮದುವೆ ಕಾರ್ಯಾಲಯವೊಂದರ, ಅಂದರೆ ಕಲ್ಯಾಣ ಮಂಟಪದ, ಗಾದಿಗಳಿಗೆ ಕವರ್ ಹೊಲಿದುಕೊಡುವ ಕೆಲಸವನ್ನು ನಾನಾಗಿಯೇ ಬೆನ್ನುಹತ್ತಿ ಹಿಡಿದಿದ್ದೆ. ತೊಂಬತ್ತರ ದಶಕದ ಕೊನೆ. ನಾವಾಗ ನಾಗಪುರದ ಬಜಾಜ್ ನಗರದಲ್ಲಿದ್ದೆವು. ಸೀರೆಗೆ ಫಾಲ್ ಹಚ್ಚಿ, ಕುಪ್ಪಸ ಹೊಲಿದುಕೊಂಡಿದ್ದ ನನಗೆ ಇದು ಮೊದಲ ದೊಡ್ಡ ಆರ್ಡರ್. ಅಕ್ಷಯ ತದಿಗೆಯ ಮದುವೆಗಳಿಗೆ ಮೊದಲು ತಲುಪಬೇಕು, ಮೂಲೆ ಬಿಚ್ಚಿದರೆ ಒಂದನ್ನೂ ಇಟ್ಟುಕೊಳ್ಳುವುದಿಲ್ಲ ಎಂದು ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿದ್ದರು.

ದಪ್ಪ ಬಟ್ಟೆ. ನೇರ ಹೊಲಿಗೆಯಲ್ಲಿ ನನ್ನ ಕಾಲಿನಿಂದ ತುಳಿಯುವ ಮಷಿನ್ ಹೇಗೋ ಓಡಿತು. ಮೂಲೆಯಲ್ಲಿ ಮಡಿಕೆಯ ಮೇಲೆ ಮಡಿಕೆ, ಒಳಗೆ ಜಿಪ್ಪಿನ ಪಟ್ಟಿ. ಅಲ್ಲಿಗೆ ಬಂದರೆ ಚಕ್ರ ಬಿಗಿಯುತ್ತಿತ್ತು. ಕೈಯಿಂದ ತಿರುಗಿಸಿದರೆ ಸೂಜಿ ಮುರಿಯಬೇಕು, ಇಲ್ಲವೇ ಹೊಲಿಗೆ ತಪ್ಪಬೇಕು. ದಪ್ಪ ಸೂಜಿ ಹಾಕಿದೆ, ಎಣ್ಣೆ ಬಿಟ್ಟೆ. ಮೂಲೆಯಲ್ಲಿ ಸೂಜಿ ಮುರಿಯುವುದು ಮಾತ್ರ ನಿಲ್ಲಲಿಲ್ಲ.

"ಕಾರ್ಖಾನಿ ಮಷಿನ್ ನೋಡ್ಕೊಂಡ ಬರ್ತೀನ್ರಿ" ಎಂದೆ ಯಜಮಾನರಿಗೆ.

"ಟ್ರ್ಯಾಕ್ಟರ್ ತಂದಂಗ ಆಗ್ತೈತಿ. ಕೆಳಗಿನ ಮನಿಯವ್ರು ನಮ್ಮನ್ನ ಸಾಮಾನ ಸಮೇತ ಹೊರಗ ಹಾಕ್ತಾರ ನೋಡು."

"ಈ ಆರ್ಡರ್ ಹೋದ್ರ ಮುಂದ ಯಾರ್ ಕೊಡ್ತಾರ? ಜಲ್ದಿ ಸ್ಕೂಟರ್ ತೆಗೀರಿ, ಇಲ್ಲಾಂದ್ರ ಆಟೋ ಮಾಡ್ತೀನಿ."

ಗಾಂಧಿಬಾಗ್ ಪೇಟೆಯ ಹಳೆ ಮಷಿನ್ ವ್ಯಾಪಾರಿ ತೆಳ್ಳನೆಯ ಮಲ್ಮಲ್ ಬಟ್ಟೆಯ ಮೇಲೆ ಓಡಿಸಿ ತೋರಿಸಿದ. "ಮಖ್ಖನ್ ಹೈ ಭಾಭೀಜಿ, ಮಖ್ಖನ್!" ಬೆಣ್ಣೆಯಂತೆ ಓಡುತ್ತದೆ ಎಂಬ ಹೊಗಳಿಕೆ. ನಾನು ಚೀಲದಿಂದ ನನ್ನದೇ ಬಟ್ಟೆ ತೆಗೆದು, ಮೂಲೆಯಂತೆ ಮಡಚಿ ಮುಂದಿಟ್ಟೆ. ಹಳೆ ಮಷಿನ್ ಕೊಳ್ಳುವವರಿಗೆ ಇಂದಿಗೂ ಇದನ್ನೇ ಹೇಳುತ್ತೇನೆ: ಅಂಗಡಿಯವನ ಬಟ್ಟೆಯ ಮೇಲೆ ಯಾವ ಮಷಿನೂ ತಕರಾರು ಮಾಡುವುದಿಲ್ಲ.

ನಾನೇ ಕೂತೆ. ಅದರ ಪೆಡಲ್ ಒತ್ತಿದಷ್ಟೂ ಮೋಟಾರ್ ವೇಗ. ನನ್ನ ಪಾದವೋ ರೂಢಿಯಂತೆ ಮುಂಗಾಲು, ಹಿಮ್ಮಡಿ ಎಂದು ತೂಗತೊಡಗಿತು. ಮಷಿನ್ ಗುಡುಗಿತು, ನಿಂತಿತು, ಮತ್ತೆ ಗುಡುಗಿ ಬಟ್ಟೆಯನ್ನು ಎಳೆದುಕೊಂಡೇ ಹೋಯಿತು. ಬೆರಳು ಸೂಜಿಯ ಪಕ್ಕದಿಂದ ಹೇಗೆ ಪಾರಾಯಿತೋ!

"ಅರೆ ಭಾಭೀಜಿ, ಸೈಕಲ್ ನಹೀ ಹೈ ಯೇ!"

ಇದು ಸೈಕಲ್ ಅಲ್ಲ ಎಂದು ವ್ಯಾಪಾರಿ ನಕ್ಕ, ಯಜಮಾನರೂ ನಕ್ಕರು. ನಾನು ಮೂಲೆ ನೋಡಿದೆ. ಹೊಲಿಗೆ ಸೊಟ್ಟಗಿತ್ತು, ಆದರೆ ಅಷ್ಟೂ ಪದರಗಳನ್ನು ದಾಟಿ ಒಂದೂ ತಪ್ಪದೆ ಬಿದ್ದಿತ್ತು. ಮಷಿನಿಗೆ ತಾಕತ್ತಿದೆ, ಸಾಲದಿರುವುದು ನನ್ನ ಕಾಲು. ಕೊಂಡ ಮೇಲೆ ಕಾಲು ಪಳಗದಿದ್ದರೆ?

ಕೊಳ್ಳುವ ಮಾತು ಬಿಟ್ಟು ಬಾಡಿಗೆಗೆ ಇಳಿದೆ. ಅದೂ ಮನೆಗಲ್ಲ. "ನಿಮ್ಮ ಅಂಗಡಿಯಲ್ಲೇ ಕೂತು ಹೊಲಿಯುತ್ತೇನೆ. ಮಷಿನ್ ದಿನವಿಡೀ ಓಡುವುದನ್ನು ಬಂದ ಗಿರಾಕಿಗಳೇ ನೋಡುತ್ತಾರಲ್ಲ, ಬಾಡಿಗೆ ಇಳಿಸಿ" ಎಂದು ನನ್ನ ಹರಕು ಹಿಂದಿಯಲ್ಲಿ ಜಗ್ಗಾಡಿದೆ. ಅವನು ತಲೆ ಕೆರೆದುಕೊಂಡು ಒಪ್ಪಿದ. ಮೊದಲು ದಾರವಿಲ್ಲದೆ ಚಿಂದಿಯ ಮೇಲೆ ಪೆಡಲ್ ಒತ್ತುವುದನ್ನಷ್ಟೇ ಕಲಿತೆ. ಕಾಲು ಪಳಗಿದ ಮೇಲೆಯೇ ಕವರ್ ಮುಟ್ಟಿದೆ.

ಕುಪ್ಪಸಕ್ಕೆ, ಮಗುವಿನ ಫ್ರಾಕಿಗೆ ಮನೆಯ ಮಷಿನ್ ಧಾರಾಳ ಸಾಕು. ಪದರ ದಪ್ಪವಿದ್ದು, ದಿನವಿಡೀ ಒಂದೇ ಹೊಲಿಗೆ ಇದ್ದು, ಮೇಲೆ ವಾಯಿದೆಯೂ ಇದ್ದರೆ ಮಾತ್ರ ದೊಡ್ಡದಕ್ಕೆ ಹೋಗಿ.

ವಾಯಿದೆಯೊಳಗೇ ಕವರ್‌ಗಳನ್ನು ಒಯ್ದುಕೊಟ್ಟ ದಿನ ಮ್ಯಾನೇಜರ್ ಮೂಲೆಯನ್ನು ಎರಡೂ ಕೈಯಿಂದ ಜಗ್ಗಿದರು. ದಾರ ಪಟ್ಟೆನ್ನುವ ಸದ್ದಿಗೆ ಕಿವಿಗೊಟ್ಟು ನಿಂತೆ. ಇನ್ನೊಂದನ್ನು ಜಗ್ಗಿದರು. ಮೂರನೆಯದನ್ನು ಜಗ್ಗದೆ, ಗಾದಿಗೆ ಏರಿಸಲು ಆಳುಗಳನ್ನು ಕರೆದರು. ನಾನು ಮಾತ್ರ ಕಡೆಯ ಕವರ್ ಏರುವವರೆಗೂ ಅಲ್ಲಿಂದ ಕದಲಲಿಲ್ಲ.