ಲೇಬಲ್ಲಿನ ಮೇಲೆ ಭಾವನ ಹೆಸರು

ಭಾವ ತೀರಿಕೊಂಡ ಮೇಲೂ ಆದೋನಿಯ ಮಿಲ್ಲಿನಲ್ಲಿ ಹತ್ತಿ ಒತ್ತಿ ಕಟ್ಟಿದ ಅಂಡಿಗೆಗಳ ಮೇಲೆ ಅವನ ಹೆಸರು ಬೀಳುತ್ತಲೇ ಇತ್ತು. ಅವನು ಅಲ್ಲಿ ತೂಕದ ಗುಮಾಸ್ತನಾಗಿದ್ದ. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಮಿಲ್ಲಿಗೆ ಕಂಪ್ಯೂಟರ್ ಬಂದಿತ್ತು. ತೂಗಿದವನ ಹೆಸರು, ಪಕ್ಕದಲ್ಲಿ ತೂಕ, ಇಷ್ಟನ್ನು ಲೇಬಲ್ಲಿಗೆ ಅಚ್ಚು ಹಾಕುವುದು ಅದರ ಕೆಲಸ. ಹೊಸ ಗುಮಾಸ್ತನದು ಚಿಕ್ಕ ಹೆಸರು. ಅದು ಮುಗಿದಲ್ಲಿಂದ ಭಾವನ ಉದ್ದ ಹೆಸರಿನ ಉಳಿದರ್ಧ ಶುರುವಾಗುತ್ತಿತ್ತು. ಹಮಾಲರು ಅಂಡಿಗೆ ಮುಟ್ಟಲು ಒಪ್ಪಲಿಲ್ಲ.

ಸುದ್ದಿ ಅಕ್ಕನ ಅತ್ತೆಯ ಕಿವಿಗೆ ಬಿತ್ತು. ಆಕೆ ತಾನೂ ಗಂಡ ಸತ್ತಾಗ ತಲೆ ಬೋಳಿಸಿಕೊಂಡು ಮಡಿಯಾದವಳು.

"ಅವ ಹೋಗಿಲ್ಲ. ಹೆಂಡ್ತಿ ತಲಿಮ್ಯಾಗ ಕೂದಲಾ ಇರೋತನ ಹೆಂಗ ಹೋಗ್ತಾನ? ಅಮಾಸಿಗೆ ನಾಗಲದಿನ್ನಿಗೆ ಕರಕೊಂಡು ಹೋಗ್ರಿ, ಹೊಳಿ ದಂಡಿಮ್ಯಾಗ ತಗಸ್ರಿ."

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಜಡೆಯನ್ನು ಕೈಗೆ ಸುತ್ತಿಕೊಂಡು ನಿಂತಿದ್ದಳು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯನ್ನು ಮೊದಲ ಪ್ರಶ್ನೆಗೇ ಕೂರಿಸುವುದು ನನ್ನ ಅಭ್ಯಾಸ. "ಪ್ರೇತಕ್ಕ ಲೇಬಲ್ ಯಾಕ ಬೇಕ್ರಿ?" ಎಂದೆ.

"ನಿನ್ನ ಡಿಬೇಟು ಕಾಲೇಜಿನ್ಯಾಗ ಇಟಗೊ ತಮ್ಮಾ. ಹೆಸರು ಬರೋದು ನಿಲ್ಲಸು, ಆಮ್ಯಾಲ ಮಾತಾಡು."

ಬಳ್ಳಾರಿಯಲ್ಲಿ ಕೆಲಕಾಲ ಸಿ ಎಂಬ ಕಂಪ್ಯೂಟರ್ ಭಾಷೆ ಕಲಿತಿದ್ದೆ. ಮಾಲೀಕರನ್ನು ಕೇಳಿ ಮಿಲ್ಲಿನ ಪ್ರೋಗ್ರಾಮು ತೆರೆದು ನೋಡಿದರೆ ಪ್ರೇತದ ಮನೆ ಸಿಕ್ಕಿತು. ಹೆಸರಿಗೆಂದು ಮೆಮೊರಿಯಲ್ಲಿ ಸಾಲಾಗಿ ಮೂವತ್ತು ಮನೆ, ಒಂದೊಂದರಲ್ಲಿ ಒಂದೊಂದು ಅಕ್ಷರ. ಹೊಸ ಹೆಸರು ಹಳೆಯದರ ಮೇಲೆಯೇ ಕೂರುತ್ತಿತ್ತು. ಅದು ತಲುಪದ ಮನೆಗಳನ್ನು ಯಾರೂ ಅಳಿಸುತ್ತಿರಲಿಲ್ಲ. ಸಂಜೆ ಆ ಸಾಲು ಇದ್ದಂತೆಯೇ ಫ್ಲಾಪಿಗೆ ಹೋಗಿ ಬೆಳಿಗ್ಗೆ ಇದ್ದಂತೆಯೇ ಮರಳುತ್ತಿತ್ತು. ಹೆಸರು ಬರೆಯುವ ಮೊದಲು ಮನೆಗಳಿಗೆಲ್ಲ ಖಾಲಿ ಅಕ್ಷರ ತುಂಬಿದರೆ ಮುಗಿಯಿತು ಎಂದುಕೊಂಡೆ.

ತುಂಬಿದೆ. ಭಾವ ಹಾಗೇ ಬಂದ. ಎಷ್ಟು ಮನೆ ತುಂಬಬೇಕೆಂದು ನಾನು ಯಂತ್ರವನ್ನೇ ಕೇಳಿದ್ದೆ. ಆದರೆ ಅಳೆಸಿದ್ದು ಸಾಲನ್ನಲ್ಲ, ಸಾಲು ಎಲ್ಲಿದೆಯೆಂದು ಹೇಳುವ ವಿಳಾಸವನ್ನು. ವಿಳಾಸಕ್ಕೆ ಬೇಕಾದದ್ದು ಎರಡೇ ಮನೆ. ಅದು ಎರಡನ್ನು ಅಳಿಸಿ ಸುಮ್ಮನಾಗಿತ್ತು.

ಸಿಟ್ಟಿಗೆ ನಲವತ್ತು ಎಂದು ನಾನೇ ಬರೆದೆ. ಈ ಸಲ ಭಾವನ ಹೆಸರು ಹೋಯಿತು, ಪಕ್ಕದ ಮನೆಗಳಲ್ಲಿದ್ದ ತೂಕವೂ ಹೋಯಿತು. ಹಮಾಲರ ಹಿರಿಯ ಲೇಬಲ್ಲು ನೋಡಿ ಕೆಳಗಿಟ್ಟ.

"ನೋಡಪ್ಪಾ, ತೂಕಾನೂ ಹಿಡಕೊಂಡು ಕುಂತಾನ. ತಕ್ಕಡಿ ಬಿಡವಲ್ಲ."

ಅದಕ್ಕೆ ನನ್ನಲ್ಲಿ ಉತ್ತರ ಇತ್ತು. ಆದರೂ ಆ ಲೇಬಲ್ಲನ್ನು ನಾನೂ ಕೈಗೆತ್ತಿಕೊಳ್ಳಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಲೆಕ್ಕ ಸರಿಹೋಯಿತು. ಸಾಲನ್ನು ಕಟ್ಟಿದ ಜಾಗದಲ್ಲೇ ಅದರ ಉದ್ದ ಅಳೆಸಿ, ಅಷ್ಟನ್ನೇ ತುಂಬಿಸಿದೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅತ್ತೆಯನ್ನೂ ಅಕ್ಕನನ್ನೂ ಮಿಲ್ಲಿಗೆ ಕರೆತಂದೆ. ಮೊದಲು ಹಳೆಯ ಫ್ಲಾಪಿ ಹಾಕಿ ಹಳೆಯ ಪ್ರೋಗ್ರಾಮು ಓಡಿಸಿ ತೋರಿಸಿದೆ. ಭಾವನ ಹೆಸರು ಬಂತು. ಅಕ್ಕ ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ಇದನ್ನ ತೆಗೆದ ಮ್ಯಾಲ ಮತ್ತ ಬರಂಗಿಲ್ಲೇನು?"

"ಬರಂಗಿಲ್ಲ. ನಾ ಒತ್ತಿದರ ಮುಗೀತು."

"ನೀ ಒತ್ತಬ್ಯಾಡ," ಎಂದು ಅಕ್ಕನೇ ಹೊಸ ಪ್ರೋಗ್ರಾಮಿನ ಕೀಲಿ ಒತ್ತಿದಳು.

ಪ್ರಿಂಟರ್ ಕಿರುಗುಟ್ಟಿತು. ಚಿಕ್ಕ ಹೆಸರು, ಆಮೇಲೆ ಬಿಳಿ, ಆಮೇಲೆ ತೂಕ. ಅತ್ತೆ ಲೇಬಲ್ಲನ್ನು ಬೆಳಕಿಗೆ ಹಿಡಿದಳು, ಹಿಂದೆ ತಿರುಗಿಸಿ ನೋಡಿದಳು. ಅಕ್ಕನ ಕಡೆ ನೋಡದೆಯೇ ಅಂದಳು: "ನಡಿ ಮನಿಗೆ. ತಲಿಗೆ ಎಣ್ಣಿ ಹಚ್ಚಿ ಭಾಳ ದಿನ ಆತು ನಿಂದು."

ಅವರು ಹೋದ ಮೇಲೆ ಕೆಲಸವಿಲ್ಲದಿದ್ದರೂ ಇನ್ನೊಂದು ಲೇಬಲ್ಲು ತೆಗೆದೆ. ಆ ಬಿಳಿಯ ಜಾಗ ಬರಿದಾದದ್ದಲ್ಲವೆಂದು ನನ್ನೊಬ್ಬನಿಗೆ ಗೊತ್ತಿತ್ತು. ಅಲ್ಲಿ ಒಂದೊಂದು ಮನೆಯಲ್ಲೂ ಒಂದೊಂದು ಖಾಲಿ ಅಕ್ಷರ ಕೂತಿತ್ತು, ಭಾವನ ಮೇಲೆ ನಾನು ತುಂಬಿದ್ದು.