ಕಳ್ಳಗಾಳಿ

ಸುಮ್ಮನೆ ಇರುವುದು ಎಷ್ಟು ಕಷ್ಟದ ಕೆಲಸ ಎಂದು ನನಗೆ ಗೊತ್ತಾದದ್ದು ಒಂದು ಕಾರಿನಿಂದ. ಹೈಸ್ಕೂಲಿನ ಹುಡುಗಿಯರನ್ನು "ಸುಮ್ನೆ ಕೂತ್ಕೊಳ್ರೇ" ಎಂದು ಗದರುವುದೇ ನನ್ನ ಉದ್ಯೋಗ. ಹಾಗೆ ಗದರುವ ನಾನು ಮಾತ್ರ ಒಂದು ಗಳಿಗೆಯೂ ಸುಮ್ಮನೆ ಕೂತವಳಲ್ಲ. ಕೈಗೆ ಏನೂ ಸಿಗದಿದ್ದರೆ ಸೆರಗಿನ ಅಂಚಿನ ನೂಲನ್ನಾದರೂ ಎಳೆಯುತ್ತಿರುತ್ತೇನೆ. ಇಂಜಿನ್ನುಗಳ ಹಣೆಬರಹವೂ ಇದೇ. ಓಡು ಎಂದರೆ ಎಂಥ ಲಡಕಾಸಿ ಇಂಜಿನ್ನೂ ಓಡೀತು. ಓಡಬೇಡ, ಆದರೆ ಆರಿಯೂ ಹೋಗಬೇಡ, ನಿಂತಲ್ಲೇ ಹದವಾಗಿ ಉಸಿರಾಡಿಕೊಂಡಿರು ಎಂದಾಗಲೇ ಅದರ ಆರೋಗ್ಯ ಬಯಲಾಗುವುದು. ಅರಸೀಕೆರೆಯ ಮೆಕ್ಯಾನಿಕ್ಕುಗಳು ಇದಕ್ಕೆ "ಸ್ಲೋ" ಎನ್ನುತ್ತಿದ್ದರು. ಗಾಡಿ ಸ್ಲೋ ನಿಲ್ಲುತ್ತಿಲ್ಲ ಎಂದರೆ, ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಇಂಜಿನ್ನು ಗುಟುಕುಗುಟುಕೆಂದು ಆರಿಹೋಗುತ್ತದೆ ಎಂದರ್ಥ.

ನಮ್ಮ ಮನೆಯ ಕಾರಿಗೆ ಈ ರೋಗ ಹಿಡಿದದ್ದು ತೊಂಬತ್ತರ ದಶಕದ ಕೊನೆಯ ಹೊತ್ತಿಗೆ. ನಮ್ಮ ಮನೆಯ ಕಾರು ಎಂದೆ, ಅದು ನಿಜಕ್ಕೂ ನಮ್ಮ ಮಾವನವರದು. ಅವರು ದನದ ಡಾಕ್ಟರು. ಗೆಂಡೆಹಳ್ಳಿ, ಬೇಲೂರು ಕಡೆಯ ಊರುಗಳಲ್ಲೇ ಸರ್ವೀಸು ಮುಗಿಸಿ, ನಿವೃತ್ತರಾದ ಮೇಲೆ ಅರಸೀಕೆರೆಯಲ್ಲಿ ನಮ್ಮ ಜೊತೆ ಇದ್ದರು. ನನ್ನ ಯಜಮಾನರು ರೈಲ್ವೆ ಗಾರ್ಡು. ಮನೆಯಲ್ಲಿರುವುದಕ್ಕಿಂತ ಹಳಿಯ ಮೇಲಿರುವುದೇ ಹೆಚ್ಚು. ಹೀಗಾಗಿ ಮನೆಯಲ್ಲಿ ನಾನು, ಅತ್ತೆ, ಮಾವ ಮತ್ತು ಆ ಕಾರು.

ಅದು ಜಪಾನಿನ ಕಡೆಯಿಂದ ಹಡಗಿನಲ್ಲಿ ಬಂದದ್ದು. ಬೇಲೂರಿನಾಚೆಯ ಒಬ್ಬ ಎಸ್ಟೇಟು ಮಾಲೀಕರು ವಿದೇಶದಲ್ಲಿದ್ದು ವಾಪಸಾಗುವಾಗ ಅದನ್ನೂ ತಂದಿದ್ದರು. ತಂದ ಮೇಲೆ ಗೊತ್ತಾಯಿತು, ಈ ಸೀಮೆಯಲ್ಲಿ ಅದನ್ನು ರಿಪೇರಿ ಮಾಡುವವರು ಯಾರೂ ಇಲ್ಲ ಎಂದು. ಅವರ ಪ್ರೀತಿಯ ನಾಯಿಯೊಂದು ಸಾಯುವ ಸ್ಥಿತಿಯಲ್ಲಿದ್ದಾಗ ಮಾವ ಅಲ್ಲೇ ಉಳಿದು ಆರೈಕೆ ಮಾಡಿ ಬದುಕಿಸಿದ್ದರಂತೆ. ಆ ಮಾಲೀಕರು ಎಸ್ಟೇಟು ಬಿಟ್ಟು ಹೊರಡುವಾಗ, "ಡಾಕ್ಟ್ರೇ, ಮೂಕಪ್ರಾಣಿಗಳ ಕಷ್ಟ ತಿಳಿಯೋರು ನೀವೊಬ್ರೇ. ಇದನ್ನೂ ನೀವೇ ಇಟ್ಕೊಳ್ಳಿ" ಎಂದು ಕೀ ಕೊಟ್ಟು ಹೋದರು.

ಈ ಕಾರಿನ ವಿಶೇಷವೆಂದರೆ ಅದರ ಇಂಜಿನ್ನಿನಲ್ಲಿ ಪಿಸ್ಟನ್ನೇ ಇರಲಿಲ್ಲ. ಬೇರೆ ಇಂಜಿನ್ನುಗಳಲ್ಲಿ ಪಿಸ್ಟನ್ನು ಒನಕೆಯಂತೆ ಮೇಲೆ ಕೆಳಗೆ ಕುಟ್ಟುತ್ತದೆ. ಇದರಲ್ಲಿ ಮೂರು ಮೂಲೆಯ, ಹೊಟ್ಟೆ ಉಬ್ಬಿದ ರೋಟರೊಂದು ಒರಳಿನೊಳಗಿನ ಗುಂಡಿನ ಹಾಗೆ ವಾಲಿಕೊಂಡು ಸುತ್ತುತ್ತದೆ. ಮಾವ ಇದನ್ನು ಅತ್ತೆಗೆ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದಾಗ ಅತ್ತೆ, "ಅಯ್ಯೋ, ಇದು ರುಬ್ಬೋ ಕಲ್ಲು ಕಣ್ರೀ. ಇದಕ್ಕೆ ಜಪಾನಿನವರು ಯಾಕೆ ಬೇಕಿತ್ತು?" ಎಂದುಬಿಟ್ಟರು. ನಾನು ಸಮಾಜ ಪಾಠದ ಮೇಷ್ಟ್ರಮ್ಮ, ಸುಮ್ಮನಿರಲಾರದೆ ಹೊಯ್ಸಳರನ್ನು ಎಳೆತಂದೆ. ಬೇಲೂರು, ಹಳೇಬೀಡಿನ ದೇವಸ್ಥಾನಗಳಲ್ಲಿ ಕಾಣುವ ನಕ್ಷತ್ರದ ಮೂಲೆಗಳು ಹುಟ್ಟುವುದು ಒಂದು ಚೌಕವನ್ನು ಅದರ ನಡುಬಿಂದುವಿನ ಮೇಲೆ ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಹೋದಾಗ. ಆದ್ದರಿಂದ ಮೂಲೆಗಳಿರುವ ವಸ್ತುವನ್ನು ಸುತ್ತಿಸಿ ಉಪಯೋಗ ಪಡೆಯುವ ಬುದ್ಧಿ ನಮ್ಮವರಿಗೆ ಎಂದೋ ಇತ್ತು ಎಂದು ನನ್ನ ವಾದ. ಮಾವ ಗಂಭೀರವಾಗಿ ತಲೆಯಾಡಿಸಿದರು. ಅವರಿಗೆ ನನ್ನ ಮಾತು ಪೂರ್ತಿ ಕೇಳಿಸಿತ್ತೋ ಇಲ್ಲವೋ, ಈಗ ಅನುಮಾನ.

ಸುತ್ತುವ ಇಂಜಿನ್ನಾದ್ದರಿಂದ ಅದಕ್ಕೆ ಕುಲುಕಾಟವಿರಲಿಲ್ಲ. ಬಾನೆಟ್ಟಿನ ಮೇಲೆ ಲೋಟದಲ್ಲಿ ನೀರಿಟ್ಟರೆ ತುಳುಕುತ್ತಿರಲಿಲ್ಲ. ಈ ಗುಣವೇ ಮುಂದಿನ ಎಡವಟ್ಟಿಗೆಲ್ಲ ಕಾರಣ.

ಒಂದು ಭಾನುವಾರ ಬೆಳಿಗ್ಗೆ ಮಾವ, ನಾನು, ಅತ್ತೆ ಮೂವರೂ ಮಾಲೇಕಲ್ಲು ಬೆಟ್ಟದ ವೆಂಕಟರಮಣನ ದರ್ಶನಕ್ಕೆ ಹೊರಟೆವು. ದಾರಿಯಲ್ಲಿ ರೈಲ್ವೆ ಗೇಟು. ಗೇಟು ತೆರೆದೇ ಇತ್ತು. ಮುಂದೆ ಒಂದು ಎತ್ತಿನಗಾಡಿ. ಅದು ಹಳಿ ದಾಟುತ್ತಿದ್ದಂತೆ ಎತ್ತು ಯಾಕೋ ಮೊಂಡು ಹಿಡಿದು ನಿಂತಿತು. ನಾವೂ ನಿಲ್ಲಬೇಕಾಯಿತು, ಸರಿಯಾಗಿ ಹಳಿಯ ಮೇಲೆ. ಇಂಜಿನ್ನು ಒಮ್ಮೆ ಏರಿ, ಒಮ್ಮೆ ಇಳಿದು, ನಿಟ್ಟುಸಿರು ಬಿಟ್ಟಂತೆ ಆರಿಹೋಯಿತು. ಗಾಡಿ ಮುಂದೆ ಸರಿದ ಮೇಲೆ ಮಾವ ಆರಾಮಾಗಿ ಗೇರು ಹಾಕಿ ಆಕ್ಸಿಲರೇಟರು ಒತ್ತಿದರು. ಕಾರು ಕದಲಲಿಲ್ಲ. ಮತ್ತೆ ಒತ್ತಿದರು. ಗೇಟಿನವನು ಸೀಟಿ ಊದತೊಡಗಿದ. ಮಾವ ಮಾತ್ರ ಎದುರಿನ ರಸ್ತೆಯನ್ನೇ ನೋಡುತ್ತ ಒತ್ತುತ್ತಲೇ ಇದ್ದರು.

"ಮಾವ, ಇಂಜಿನ್ ಆಫ್ ಆಗಿದೆ!" ಎಂದು ಅವರ ತೋಳು ಹಿಡಿದು ಅಲುಗಿಸಿದೆ.

ಹಿಂದಿನ ಟ್ರ್ಯಾಕ್ಟರಿನವನು ಇಳಿದು ಬಂದು, "ಏನ್ ಸಾರ್, ಆಫ್ ಆಗಿರೋ ಗಾಡೀಲಿ ಎಲ್ಲಿಗೆ ಹೊಂಟ್ರಿ?" ಎನ್ನುತ್ತಲೇ ಹೆಗಲು ಕೊಟ್ಟ. ನಾನೂ ಇಳಿದು ತಳ್ಳಿದೆ. ಅತ್ತೆ ಇಳಿಯಲಿಲ್ಲ, ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ವೆಂಕಟರಮಣನನ್ನು ಕರೆಯುತ್ತಿದ್ದರು. ನಾವು ಆಚೆ ದಾಟಿದ ಮೇಲೆ ಗೇಟು ಬಿತ್ತು. ಮಾವ ಮುಖ ಒರೆಸಿಕೊಂಡು, "ನೋಡಮ್ಮ, ಎಂಥಾ ನೈಸ್ ಇಂಜಿನ್ನು. ನಿಂತಿದ್ದೂ ಗೊತ್ತಾಗೋದಿಲ್ಲ" ಎಂದರು. ಅದು ನಿಜವೇ ಆಗಿದ್ದರಿಂದ ನಾನೂ ನಂಬಿದೆ. ಆದರೆ ಆ ಸೀಟಿ? ಅದು ನನ್ನ ಕಿವಿಯಲ್ಲಿ ಮಾಲೇಕಲ್ಲಿನ ಮೆಟ್ಟಿಲುಗಳುದ್ದಕ್ಕೂ ಊದುತ್ತಲೇ ಇತ್ತು.

ಮೆಕ್ಯಾನಿಕ್ಕುಗಳ ಹತ್ತಿರ ಹೋದೆವು. ಒಬ್ಬ ಬಾನೆಟ್ಟು ಎತ್ತಿ, ಇಳಿಸಿ, ಕೈಮುಗಿದ. ಇನ್ನೊಬ್ಬ ಸ್ಲೋ ಸ್ಕ್ರೂವನ್ನು ಬಿಗಿಯಾಗಿ ತಿರುಗಿಸಿ ಇಂಜಿನ್ನಿನ ವೇಗ ಏರಿಸಿದ. ಈಗ ಅದು ಆರುತ್ತಿರಲಿಲ್ಲ, ನಿಜ. ಬದಲಿಗೆ ಕ್ಲಚ್ಚು ಬಿಟ್ಟ ಕೂಡಲೇ ಹಗ್ಗ ಹರಿದ ಕರುವಿನಂತೆ ನೆಗೆಯುತ್ತಿತ್ತು. "ಇದು ಜ್ವರಕ್ಕೆ ತಣ್ಣೀರು ಬಟ್ಟೆ ಹಾಕಿದ ಹಾಗೆ. ಕಾಯಿಲೆ ಒಳಗೇ ಐತೆ" ಎಂದು ಮಾವ ಸ್ಕ್ರೂವನ್ನು ಮೊದಲಿನ ಜಾಗಕ್ಕೆ ತಿರುಗಿಸಿ, ತಾವೇ ಚಿಕಿತ್ಸೆಗೆ ನಿಂತರು.

ಅವರ ಪದ್ಧತಿ ದನದ ಆಸ್ಪತ್ರೆಯದೇ. ಮೊದಲು ವಿಚಾರಣೆ. ಯಾವಾಗಿನಿಂದ? ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಓಡುವಾಗಲೂ ಸುಸ್ತೋ? ಉತ್ತರಿಸಬೇಕಾದವಳು ನಾನು, ರೋಗಿಯ ಕಡೆಯವಳು. ಓಡುವಾಗ ಚೆನ್ನಾಗಿದೆ, ನಿಂತಾಗ ಮಾತ್ರ ಏರಿಳಿತ ಎಂದೆ. ಆಮೇಲೆ ಗಾಳಿ ಸೋಸುವ ಫಿಲ್ಟರನ್ನು ಬಿಚ್ಚಿದರು. ಅದರೊಳಗೆ ಇಲಿಯೊಂದು ರಾಗಿ ಹುಲ್ಲು ತಂದು ಸಂಸಾರದ ಸಿದ್ಧತೆ ನಡೆಸಿತ್ತು. ಅದನ್ನು ತೆಗೆದರೂ ಗುಣವಾಗಲಿಲ್ಲ. ಕಾರ್ಬೊರೇಟರನ್ನು ಪೆಟ್ರೋಲಿನಲ್ಲಿ ತೊಳೆದರು. ಪ್ಲಗ್ಗು ಉಜ್ಜಿದರು. ಏನೂ ವ್ಯತ್ಯಾಸವಿಲ್ಲ.

"ಹಂಗಾದ್ರೆ ಎಲ್ಲೋ ಕಳ್ಳಗಾಳಿ ನುಗ್ತಾ ಐತೆ" ಎಂದರು.

ಕಳ್ಳಗಾಳಿಯ ವಿಚಾರವನ್ನು ಅವರು ಹೇಳಿದ ಹಾಗೇ ಹೇಳುತ್ತೇನೆ. ಇಂಜಿನ್ನು ಮುಂಬಾಗಿಲಿನಿಂದ ಬಂದ ಗಾಳಿಯನ್ನು ಅಳೆದು, ಅದಕ್ಕೆ ತಕ್ಕಷ್ಟು ಪೆಟ್ರೋಲು ಬಡಿಸುತ್ತದೆ. ಯಾವುದೋ ಬಿರುಕಿನಿಂದ, ಹಿತ್ತಿಲ ಬಾಗಿಲಿನಿಂದ ಒಳನುಗ್ಗಿದ ಗಾಳಿಗೆ ಊಟವಿಲ್ಲ. ಮದುವೆಮನೆಯ ದೊಡ್ಡ ಪಂಕ್ತಿಯಲ್ಲಿ ಕರೆಯದ ನಾಲ್ಕು ಜನ ಕೂತರೆ ಯಾರಿಗೂ ತಿಳಿಯುವುದಿಲ್ಲ; ಮನೆಯವರು ಮೂವರೇ ಕೂತ ಊಟಕ್ಕೆ ಅದೇ ನಾಲ್ವರು ಬಂದರೆ ಅಡಿಗೆಯವಳ ಪಾಡೇನು? ಅದಕ್ಕೇ ಓಡುವಾಗ ಕಾಣದ ರೋಗ ನಿಂತಾಗ ಕಾಣುತ್ತದೆ. ಆ ಬಿರುಕಿನ ಹತ್ತಿರ ಸಣ್ಣಗೆ 'ಸುಯ್' ಎಂಬ ಸದ್ದು ಬರಬೇಕು. ಅದನ್ನು ಹುಡುಕಬೇಕು.

ಮಾವ ಬಾಗಿಲ ಹಿಂದಿನ ಮೊಳೆಯಿಂದ ಸ್ಟೆತಾಸ್ಕೋಪನ್ನು ಇಳಿಸಿದರು. ತುದಿಯ ತಟ್ಟೆ ಬಿಚ್ಚಿ, ಬರೀ ರಬ್ಬರ್ ನಳಿಗೆಯನ್ನು ಉಳಿಸಿಕೊಂಡು, ಇಂಜಿನ್ನು ಶುರುಮಾಡಿ ಬಗ್ಗಿದರು. ಅತ್ತೆ ಜಗಲಿಯಲ್ಲಿ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದರು. ಮಾವ ಒಂದೊಂದು ಕೀಲಿಗೂ, ಒಂದೊಂದು ಪೈಪಿಗೂ ನಳಿಗೆ ಹಿಡಿದು ಕಣ್ಣು ಮುಚ್ಚಿ ಆಲಿಸಿದರು. ಬಹಳ ಹೊತ್ತಿನ ಮೇಲೆ ನೆಟ್ಟಗಾಗಿ, "ಎಲ್ಲೂ ಇಲ್ಲ" ಎಂದರು.

ನನಗೆ ಆಶ್ಚರ್ಯವಾಯಿತು. ಯಾವ ನಳಿಗೆಯೂ ಇಲ್ಲದೆ, ಮೂರು ಮಾರು ದೂರದಲ್ಲಿ ನಿಂತ ನನಗೇ ಆ ಸದ್ದು ಕೇಳಿಸುತ್ತಿತ್ತು.

ಆ ಕ್ಷಣದಲ್ಲಿ ರೈಲ್ವೆ ಗೇಟಿನ ಸೀಟಿ, ಕುಕ್ಕರು ಕೂಗಿ ಕೂಗಿ ಸುಸ್ತಾದರೂ "ಅನ್ನ ಆಯ್ತೇನಮ್ಮ?" ಎಂದು ಕೇಳುತ್ತಿದ್ದ ಮಾವ, ಎಲ್ಲವೂ ಒಟ್ಟಿಗೆ ನನ್ನ ಕಣ್ಣಮುಂದೆ ಬಂದವು. ಬಾಯಿ ಬಿಡಲು ಧೈರ್ಯವಾಗಲಿಲ್ಲ. ಆದರೆ ಜೀವಮಾನವಿಡೀ ಮಾತು ಬಾರದ ಪ್ರಾಣಿಗಳ ಮುಖ ಓದಿದವರು ಅವರು, ನನ್ನ ಮುಖ ಓದದೆ ಇರುತ್ತಾರೆಯೇ? ಸ್ಟೆತಾಸ್ಕೋಪನ್ನು ತೆಗೆದು ನನ್ನ ಕೈಗಿಟ್ಟರು. "ನೀನು ಕೇಳಮ್ಮ."

ಕಾರ್ಬೊರೇಟರಿನ ಅಡಿಯಲ್ಲಿ, ಕೈ ಹೋಗದ ಸಂದಿಯಲ್ಲಿ ಒಂದು ಸಣ್ಣ ರಬ್ಬರ್ ಪೈಪಿತ್ತು. ನಳಿಗೆ ಅದರ ಹತ್ತಿರ ಹೋದಂತೆ ಹಾವು ಬುಸುಗುಟ್ಟಿದ ಹಾಗೆ ಸದ್ದು. ನಾನು ಬೆಚ್ಚಿ ತಲೆ ಹಿಂದಕ್ಕೆ ತೆಗೆದೆ.

"ಕೇಳಿಸ್ತೈತಾ?"

"ಕೇಳಿಸ್ತಿದೆ ಮಾವ."

ಅವರು ಮತ್ತೆ ತೆಗೆದುಕೊಂಡು ಅದೇ ಜಾಗಕ್ಕೆ ಹಿಡಿದರು. ಇಲ್ಲ ಎಂಬಂತೆ ತಲೆಯಾಡಿಸಿದರು. ಆಮೇಲೆ ಹತ್ತಿಯನ್ನು ನೀರಿನಲ್ಲಿ ಅದ್ದಿ, ಚಿಮಟದಿಂದ ಆ ಬಿರುಕಿನ ಮೇಲೆ ಒತ್ತಿದರು. ಏರಿಳಿಯುತ್ತಿದ್ದ ಇಂಜಿನ್ನು ತಟ್ಟನೆ ಸಮವಾಯಿತು. ಸದ್ದು ತಿಳಿಯದಿದ್ದರೂ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ನಿನ ವೇಗ ತೋರಿಸುವ ಮುಳ್ಳು ಕುಣಿಯುವುದನ್ನು ನಿಲ್ಲಿಸಿದ್ದು ಅವರಿಗೆ ಪಕ್ಕದ ಕಿಟಕಿಯಿಂದ ಕಂಡಿತು. ಹತ್ತಿ ತೆಗೆದರು, ಮುಳ್ಳು ಕುಣಿಯಿತು. ಇಟ್ಟರು, ನಿಂತಿತು. ಅನುಮಾನಕ್ಕೆ ಎಡೆಯಿರಲಿಲ್ಲ.

ಇಂಜಿನ್ನು ಆರಿಸಿದರು. ಸ್ಟೆತಾಸ್ಕೋಪಿಗೆ ತಟ್ಟೆಯನ್ನು ಮತ್ತೆ ಸಿಕ್ಕಿಸಿ, ಬನಿಯನ್ನಿನೊಳಗೆ ತೂರಿಸಿ ತಮ್ಮ ಎದೆಗೇ ಇಟ್ಟುಕೊಂಡರು. "ಇದು ಕೇಳಿಸ್ತೈತೆ. ಸ್ಟೆತಾಸ್ಕೋಪು ಸರಿಯಾಗೇ ಐತೆ" ಎಂದರು. ಅದನ್ನು ಕೊರಳಿಗೆ ಹಾಕಿಕೊಳ್ಳುತ್ತ, "ಆವತ್ತು ಗೇಟಿನವನು ಸೀಟಿ ಊದಿದ್ನಾ?" ಎಂದು ಕೇಳಿದರು.

"ಊದಿದ ಮಾವ."

"ಜೋರಾಗಾ?"

ನಾನು ಹೌದೆಂದು ತಲೆಯಾಡಿಸಿದೆ. ಅವರು ಕಾರಿನ ಕೀ ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಚಿದರು. ನನಗೆ ಕಾರು ಕಲಿಸಿದವರೇ ಅವರು. ಕಲಿಸುವಾಗ ಒಮ್ಮೆಯೂ ಗದರಿರಲಿಲ್ಲ. ನನ್ನ ಕಣ್ಣು ತುಂಬಿತು. ಗ್ರೀಸು ಮೆತ್ತಿದ ಕೈಯಿಂದ ಒರೆಸಿಕೊಂಡು ಮುಖವೆಲ್ಲ ಕಪ್ಪಾಯಿತು.

ಜಗಲಿಯಲ್ಲಿ ಮೊರದ ಸದ್ದು ನಿಂತಿತ್ತು. ಅತ್ತೆ ಎದ್ದು ಬಂದು ನನ್ನ ಪಕ್ಕ ನಿಂತರು. "ಹಂಗಾದ್ರೆ ನಾನು ಕರೆದಾಗಲೆಲ್ಲ ಇವರಿಗೆ..." ಎಂದು ಅರ್ಧಕ್ಕೇ ತಡೆದರು. ಮತ್ತೆ, "ಬೇಕು ಅಂತಲೇ ಓ ಅನ್ನಲ್ಲ ಅಂದ್ಕೊಂಡು ಎಷ್ಟು ಬೈದಿದ್ದೀನಮ್ಮ" ಎಂದರು.

ಹತ್ತಿರದಲ್ಲೇ ಆಡಿದ ಈ ಮಾತು ಮಾವನಿಗೆ ಕೇಳಿಸಿತು. "ಅದೂ ಕೇಳಿಸಿಲ್ಲ ಬಿಡೇ" ಎಂದರು. ಅತ್ತೆಗೆ ನಗು ಬಂತು, ಅಳುವೂ ಬಂತು. ಎರಡಕ್ಕೂ ಒಂದೇ ಸೆರಗು.

ಮಾರನೆಯ ದಿನ ಹೊಸ ರಬ್ಬರ್ ಪೈಪು ಹಾಕಿದೆವು. ಕಾರು ಸ್ಲೋ ನಿಂತಿತು, ಎಷ್ಟು ಚೆನ್ನಾಗಿ ಎಂದರೆ ಮೆಕ್ಯಾನಿಕ್ಕುಗಳು ಬಂದು ನೋಡಿಕೊಂಡು ಹೋದರು. ಹಾಸನದ ಡಾಕ್ಟರ ಹತ್ತಿರ ಮಾವನನ್ನು ಕರೆದುಕೊಂಡು ಹೋದವಳು ನಾನೇ, ಅದೇ ಕಾರಿನಲ್ಲಿ. ವಯಸ್ಸಾದಂತೆ ಸಣ್ಣ, ಕೀರಲು ಸದ್ದುಗಳು ಮೊದಲು ಹೋಗುತ್ತವಂತೆ. ಗಂಡಸರ ಮಾತು, ಎದೆಬಡಿತ, ದನದ ಕೂಗು ಉಳಿಯುತ್ತವಂತೆ. "ಹೆಂಗಸರ ದನಿಯೇ ಮೊದಲು ಹೋಗೋದು" ಎಂದು ಡಾಕ್ಟರು ಹೇಳಿದಾಗ ಮಾವ ನನ್ನ ಕಡೆ ನೋಡಿ, ಇದನ್ನು ಮನೆಯಲ್ಲಿ ಹೇಳಬೇಡ ಎಂಬಂತೆ ಕಣ್ಣು ಮಿಟುಕಿಸಿದರು.

ಕಿವಿಯ ಯಂತ್ರ ಬಂದ ದಿನ ಅವರು ಮನೆಯೊಳಗೆ ಕೂರಲೇ ಇಲ್ಲ. ನೇರ ಶೆಡ್ಡಿಗೆ ಹೋಗಿ, ನನ್ನಿಂದ ಕೀ ಇಸಿದುಕೊಂಡು ಇಂಜಿನ್ನು ಶುರುಮಾಡಿದರು. ಬಾನೆಟ್ಟು ಎತ್ತಿ, ಸಂದಿಗೆ ಕೈ ತೂರಿಸಿ, ನಾವು ಅಷ್ಟು ಕಷ್ಟಪಟ್ಟು ಹಾಕಿದ್ದ ಆ ಹೊಸ ಪೈಪನ್ನು ಬೇಕೆಂದೇ ಕಿತ್ತರು. ಇಂಜಿನ್ನು ಏರಿತು, ಇಳಿಯಿತು, ತೊದಲಿತು. ಮಾವ ಬಗ್ಗಿಕೊಂಡು ಆಲಿಸಿದರು. ಅವರ ಮುಖ ನಿಧಾನವಾಗಿ ಅರಳಿತು.

"ಓ, ಇದಾ!" ಎಂದರು.

ಅತ್ತೆ ಅಡಿಗೆಮನೆಯಿಂದಲೇ, ಯಾರಿಗೂ ಹೇಳಿದ್ದಲ್ಲ ಎಂಬಂತೆ ತಮ್ಮಷ್ಟಕ್ಕೆ ಗೊಣಗಿದರು. "ಸರಿಯಾಗಿರೋದನ್ನ ಯಾಕ್ರೀ ಕೆಡಿಸ್ತೀರಿ? ಕಾಫಿ ಆರಿ ಹೋಗ್ತೈತೆ, ಬನ್ನಿ."

"ಬಂದೆ ಕಣೇ."

ಒಂದೇ ಸಲಕ್ಕೆ ಉತ್ತರ ಬಂದು ಅತ್ತೆಗೆ ಅಭ್ಯಾಸವಿರಲಿಲ್ಲ. ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು, ಬಾನೆಟ್ಟಿನೊಳಗೆ ತಲೆ ತೂರಿಸಿ ನಿಂತ ಗಂಡನನ್ನು ಒಂದಷ್ಟು ಹೊತ್ತು ನೋಡಿದರು.

"ಇರ್ಲಿ, ನಿಧಾನಕ್ಕೇ ಬನ್ನಿ" ಎಂದರು ಮೆಲ್ಲಗೆ. "ಬಿಸಿ ಮಾಡಿ ಕೊಡ್ತೀನಿ."