ಕೊಳ್ಳದೆ ಹೋದವರ ಹಿಂದೆ ಓಡಿದ ಮಾಷ್ಟ್ರು

ಸೀರೆ ಕೊಂಡವರ ಬಗ್ಗೆ ವಾಸುದೇವ ಹೆಗ್ಡೆ ಮಾಷ್ಟ್ರಿಗೆ ಒಂದಿಷ್ಟೂ ಆಸಕ್ತಿ ಇರಲಿಲ್ಲ. ನಮ್ಮ ಅಂಗಡಿಯಿಂದ ಯಾರಾದರೂ ಬರಿಗೈಯಲ್ಲಿ ಮೆಟ್ಟಿಲಿಳಿದರೆ ಸಾಕು, ಅವರ ಕಣ್ಣು ಅರಳುತ್ತಿತ್ತು. ಕುಡಿಯುತ್ತಿದ್ದ ಚಹಾವನ್ನು ಅಲ್ಲೇ ಬಿಟ್ಟು, ಚಪ್ಪಲಿಗೆ ಅರ್ಧ ಕಾಲು ತೂರಿಸಿಕೊಂಡು, "ಅಮ್ಮಾ, ಒಂದು ನಿಮಿಷ! ಯಾಕೆ ತೆಗೆದುಕೊಳ್ಳಲಿಲ್ಲ?" ಎಂದು ಕಾಪು ಪೇಟೆಯ ನಡುವೆ ಓಡುತ್ತಿದ್ದರು. ಕಿವಿಯ ಮೇಲೆ ಪೆನ್ಸಿಲು, ಕಂಕುಳಲ್ಲಿ ನೋಟುಪುಸ್ತಕ. ಪ್ಯಾಂಟು ಎಷ್ಟು ಸಡಿಲವೆಂದರೆ ಓಡುವಾಗ ಒಂದು ಕೈ ಅದಕ್ಕೇ ಮೀಸಲು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಮಾಷ್ಟ್ರು ಮಣಿಪಾಲದಲ್ಲಿ ವ್ಯವಹಾರ ನಿರ್ವಹಣೆ ಪಾಠ ಮಾಡುತ್ತಿದ್ದರು. ನಾನು ನೇಕಾರರ ಸಂಘದ ಸೀರೆ ಅಂಗಡಿಯಲ್ಲಿ ಗುಮಾಸ್ತ. ಸಂಘದ ಮಗ್ಗಗಳು ಇನ್ನಂಜೆಯಿಂದ ಪಡುಬಿದ್ರಿಯವರೆಗೆ ಹರಡಿಕೊಂಡಿದ್ದವು. ನನ್ನ ಹೆಂಡತಿ ಸುಮತಿಯೂ ನಮ್ಮ ಇನ್ನಂಜೆಯ ಮನೆಯಲ್ಲಿ ಸಂಘಕ್ಕೆ ನೇಯುತ್ತಿದ್ದಳು. ಅವಳು ನೇಯುವುದು, ನಾನು ಮಾರುವುದು ಎಂದು ಹೇಳಿಕೊಳ್ಳಲು ಚೆನ್ನಾಗಿತ್ತು. ಆದರೆ ಮಾರಾಟವೇ ಇರಲಿಲ್ಲ. ಗಾಜಿನ ಕಪಾಟುಗಳು ತುಂಬಿ, ಸೀರೆಯ ಕಟ್ಟುಗಳು ಅಟ್ಟ ಹತ್ತಿದ್ದವು. ಮಳೆಗಾಲ ಕಳೆದ ಮೇಲೆ ಅಂಗಡಿ ಮುಚ್ಚುವುದೆಂದು ಸಂಘದ ಮುಖ್ಯರು ಒಳಗೊಳಗೇ ಮಾತಾಡಿಕೊಂಡಿದ್ದರು. ಅಂಗಡಿ ಮುಚ್ಚಿದರೆ ಮಗ್ಗವೂ ನಿಂತ ಹಾಗೆಯೇ. ನನ್ನ ಮನೆಯಲ್ಲಂತೂ ಎರಡು ಕೆಲಸ ಒಂದೇ ದಿನ ಹೋಗುವುದಿತ್ತು.

ಕಾರಣ ಏನೆಂದು ಯಾರಿಗೂ ಸಂಶಯವಿರಲಿಲ್ಲ. "ದುಬಾಯಿಯಿಂದ ನೈಲಾನ್ ಸೀರೆ ಬಂದ ಮೇಲೆ ನಮ್ಮ ಹತ್ತಿ ಸೀರೆ ಯಾರಿಗೆ ಬೇಕು ಮಾರಾಯ್ರೆ?" ಎಂದು ಅಧ್ಯಕ್ಷರಾದ ಸಂಜೀವಣ್ಣ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಅವರೂ ನಲವತ್ತು ವರ್ಷ ಮಗ್ಗದಲ್ಲಿ ಕೂತವರೇ. ಅಂಥ ಹೊತ್ತಿನಲ್ಲಿ ಮಾಷ್ಟ್ರು ಬಸ್ಸಿನಿಂದಿಳಿದು ಬಂದು, ಮೂರು ತಿಂಗಳು ಅಂಗಡಿಯಲ್ಲಿ ಕೂತು ಸಂಶೋಧನೆ ಮಾಡುತ್ತೇನೆ ಎಂದರು.

"ಕಾಲೇಜಿನವರು ಬರೆದುಕೊಂಡು ಹೋಗ್ತಾರೆ, ಮತ್ತೆ ಈ ಕಡೆ ತಲೆ ಹಾಕುದಿಲ್ಲ. ಇದರಿಂದ ನಮಗೆ ಎಂತ ಉಂಟು ಮಾಷ್ಟ್ರೆ?" ಎಂದು ಸಂಜೀವಣ್ಣ ನೇರವಾಗಿಯೇ ಕೇಳಿದರು.

"ಎಂತ ಉಂಟು ಅಂತ ನನಗೂ ಗೊತ್ತಿಲ್ಲ. ಗೊತ್ತಿದ್ದರೆ ಮಣಿಪಾಲದಲ್ಲೇ ಕೂತು ಬರೀತಿದ್ದೆ. ಆದರೆ ಬರೆದದ್ದನ್ನು ಮೊದಲು ನಿಮಗೇ ಓದಿ ಹೇಳ್ತೇನೆ. ನಿಮ್ಮ ಬಗ್ಗೆ ಬರೆದದ್ದು ನಿಮಗೇ ಅರ್ಥ ಆಗದಿದ್ದರೆ ಅದು ನನ್ನ ತಪ್ಪು."

ಓಟದ ಕತೆ ಒಂದು ವಾರಕ್ಕೇ ಮುಗಿಯಿತು. ಮಾಷ್ಟ್ರು ಬೆನ್ನು ಹತ್ತಿದ ಹೆಂಗಸೊಬ್ಬರ ಅಣ್ಣ ಬಸ್ಸಿನ ಕಂಡಕ್ಟರ್ ಆಗಿದ್ದ. ನಾನು ಹೋಗಿ ನೋಡುವಾಗ ಅವನು ಮಾಷ್ಟ್ರ ಅಂಗಿಯ ಕಾಲರು ಹಿಡಿದು, "ಎಂತ ಮಾರಾಯ್ರೆ, ಪೇಟೆಯಲ್ಲಿ ಹೆಂಗಸರ ಹಿಂದೆ ಓಡುದು?" ಎಂದು ಗದರಿಸುತ್ತಿದ್ದ. ಸುತ್ತ ಜನ ಸೇರಿತ್ತು. ಇವರು ಸಂಶೋಧನೆಯವರು ಎಂದು ನಾನು ಹೇಳಿದ್ದನ್ನು ಯಾರೂ ನಂಬಲಿಲ್ಲ. ಪರಿಚಯದವರು ಎಂದ ಮೇಲೆಯೇ ಬಿಟ್ಟದ್ದು. ಮಾಷ್ಟ್ರು ಕಾಲರು ಸರಿಮಾಡಿಕೊಂಡು, "ಅವರು ಮಾಡಿದ್ದು ಸರಿಯೇ ಗೋಪಾಲಣ್ಣ. ನಾನು ಕೇಳಿದ ರೀತಿ ತಪ್ಪು," ಎಂದು ಅಲ್ಲೇ ನಿಂತು ಬರೆದುಕೊಂಡರು.

ಮಾರನೆಯ ವಾರ ಅವರು ಕಾರ್ಕಳದಿಂದ ತಮ್ಮ ತಾಯಿಯನ್ನು ಕರೆದುಕೊಂಡು ಬಂದರು. ಲೀಲಕ್ಕ ಎಂದು ಹೆಸರು. ಎಲೆ ಅಡಿಕೆಯ ಡಬ್ಬಿ ಹಿಡಿದು ಬಸ್ಸು ನಿಲ್ಲುವಲ್ಲಿನ ಕಟ್ಟೆಯ ಮೇಲೆ ಕೂತರೆಂದರೆ ಮುಗಿಯಿತು. ಮಗ ಮೈಲಿಗಟ್ಟಲೆ ಓಡಿದರೂ ಸಿಗದ ಮಾತು ತಾಯಿಗೆ ಕೂತಲ್ಲೇ ಸಿಗುತ್ತಿತ್ತು. ನಮ್ಮ ಅಂಗಡಿಗೆ ಬಂದು ಹೋದ ಹೆಂಗಸರು ಅವರ ಪಕ್ಕ ಕೂತು, ಮಗಳ ಬಾಣಂತನದಿಂದ ಹಿಡಿದು ಎಲ್ಲವನ್ನೂ ಹೇಳಿ, ನಡುವೆ ಸೀರೆಯ ವಿಷಯವನ್ನೂ ಹೇಳಿ ಬಸ್ಸು ಹತ್ತುತ್ತಿದ್ದರು.

ಮೂರು ತಿಂಗಳು ಮುಗಿದ ಮೇಲೆ ಒಂದು ಮಧ್ಯಾಹ್ನ ಮಾಷ್ಟ್ರು ನನ್ನೊಬ್ಬನನ್ನೇ ಕೂರಿಸಿಕೊಂಡರು. "ನಾಳೆ ಸಭೆಯಲ್ಲಿ ಓದುದು. ಇದರಲ್ಲಿ ನಿಮ್ಮ ವಿಷಯ ಉಂಟು. ನೀವು ಮೊದಲು ಕೇಳಬೇಕು," ಎಂದು ಒಂದು ಪುಟ ಓದಿದರು. ಹೆಜಮಾಡಿಯ ಐಸಮ್ಮ ಎಂಬವರು ಲೀಲಕ್ಕನಿಗೆ ಹೇಳಿದ ಮಾತು ಅದು: "ಸೀರೆ ಒಳ್ಳೆಯದೇ. ನಮ್ಮ ಸೆಕೆಗೆ ದುಬಾಯಿಯದ್ದು ಮೈಗೆ ಅಂಟುತ್ತದೆ, ಹತ್ತಿಯೇ ಬೇಕು. ಆದರೆ ಆ ಗುಮಾಸ್ತರು ಒಂದು ಸೀರೆ ಬಿಡಿಸಿ ತೋರಿಸಿ, ಮಡಿಸುವಾಗ 'ಉಸ್ಸಪ್ಪಾ' ಅಂತಾರೆ. ಮತ್ತೆ ಇನ್ನೊಂದು ತೋರಿಸಿ ಅಂತ ಹೇಗೆ ಹೇಳುದು? ನೋಡಿ ಬೇಡ ಅನ್ನಲಿಕ್ಕೂ ನಾಚಿಕೆ. ಅದಕ್ಕೆ ಹೋಗುದೇ ಬಿಟ್ಟೆ."

ಐಸಮ್ಮ ಒಬ್ಬರೇ ಅಲ್ಲ, ಪುಟ ತಿರುಗಿಸಿದಲ್ಲೆಲ್ಲ ನನ್ನ ಉಸ್ಸಪ್ಪ. ದೇವರಾಣೆಗೂ ಅದು ನನಗೆ ಗೊತ್ತೇ ಇರಲಿಲ್ಲ. ಸುಮತಿ ದಿನಗಟ್ಟಲೆ ಕೂತು ನೇಯ್ದ ಸೀರೆಯನ್ನು ನಾನೇ ಒಂದು ಉಸಿರಿನಲ್ಲಿ ಕಪಾಟಿಗೆ ಹಿಂದೆ ಕಳಿಸುತ್ತಿದ್ದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ನನ್ನ ಕೆಲಸ ಹೋಯಿತು ಮಾಷ್ಟ್ರೆ ಎಂದೆ.

"ಒಬ್ಬ ಮನುಷ್ಯನದ್ದೇ ತಪ್ಪಾದರೆ ಅದಕ್ಕೆ ಸಂಶೋಧನೆ ಎಂತಕ್ಕೆ? ಎರಡು ಬೈಗುಳ ಸಾಕು," ಎಂದರು ಅವರು. "ನಾಳೆ ಬನ್ನಿ. ಹೆದರಬೇಡಿ."

ಶಾಲೆಯ ಕೋಣೆಯಲ್ಲಿ ಸಭೆ. ನೇಕಾರರೆಲ್ಲ ಮಕ್ಕಳ ಬೆಂಚುಗಳಲ್ಲಿ ಇಕ್ಕಟ್ಟಾಗಿ ಕೂತಿದ್ದರು. ಮಾಷ್ಟ್ರು ವರದಿಯನ್ನು ತುಳುವಿನಲ್ಲಿ ಓದಿ ಹೇಳಿದರು. ಮುಗಿಯುವುದೇ ತಡ, ಸಂಜೀವಣ್ಣ ಎದ್ದು, "ಹಾಗಾದರೆ ಗುಮಾಸ್ತನನ್ನು ಬದಲಿಸಿದರೆ ಆಯಿತಲ್ಲ!" ಎಂದರು. ನನಗೆ ಹಿಂದಿನ ಸಾಲಿನಲ್ಲಿದ್ದ ಸುಮತಿಯ ಕಡೆ ನೋಡುವ ಧೈರ್ಯ ಬರಲಿಲ್ಲ.

ಮಾಷ್ಟ್ರು ಚೀಲದಿಂದ ಆರು ಸೀರೆ ತೆಗೆದು ಪೂರ್ತಿ ಬಿಡಿಸಿ ಮೇಜಿನ ಮೇಲೆ ಹಾಕಿದರು. "ಅಧ್ಯಕ್ಷರೇ, ಇದನ್ನು ಮೊದಲಿನ ಹಾಗೆ ಮಡಿಸಿ. ಒಬ್ಬರೇ. ನಾನು ಗಿರಾಕಿ, ಎದುರು ನಿಂತಿರ್ತೇನೆ."

ಮನೆಯಲ್ಲಿ ಸೀರೆ ಮಡಿಸಲು ಆಚೆ ತುದಿ ಹಿಡಿಯುವವರು ಒಬ್ಬರಿರುತ್ತಾರೆ. ಇಲ್ಲಿ ಸಂಜೀವಣ್ಣ ಗಲ್ಲದಡಿ ಒಂದು ತುದಿ ಒತ್ತಿಕೊಂಡರು, ಮೊಣಕಾಲಿಗೆ ಇನ್ನೊಂದು. ಮೊದಲನೆಯದು ಹೇಗೋ ಆಯಿತು. ಎರಡನೆಯದು ಸೊಟ್ಟಗಾಯಿತು. ಮೂರನೆಯದು ನೆಲಕ್ಕೆ ಜಾರಿತು. ಅದನ್ನು ಹೆಕ್ಕಲು ಬಗ್ಗಿದವರ ಬಾಯಿಂದ ಇಡೀ ಕೋಣೆಗೆ ಕೇಳುವ ಹಾಗೆ ಬಂತು: "ಉಸ್ಸಪ್ಪಾ!"

"ಅದನ್ನೂ ಬರೆದುಕೊಳ್ಳಿ ಮಾಷ್ಟ್ರೆ!" ಎಂದು ಹಿಂದಿನ ಸಾಲಿನಿಂದ ಕೂಗಿದವಳು ನನ್ನ ಸುಮತಿಯೇ.

ಸಭೆ ನಕ್ಕು ನಕ್ಕು ಸುಸ್ತಾಯಿತು. ಕೊನೆಗೆ ಸಂಜೀವಣ್ಣನೂ ಬೆವರು ಒರೆಸಿಕೊಂಡು ನಕ್ಕರು. ಯಾರು ಬಂದು ಕೂತರೂ ಹೀಗೇ ಆಗುತ್ತದೆ, ಒಂದೊಂದನ್ನೂ ಒಬ್ಬನೇ ತೆಗೆದು ತೋರಿಸಿ ಮಡಿಸಬೇಕಾದ ಗಾಜಿನ ಕಪಾಟಿನದ್ದೇ ತಪ್ಪು ಎಂದು ಮಾಷ್ಟ್ರು ಹೇಳಿದ್ದಕ್ಕೆ ಆಮೇಲೆ ಯಾರೂ ಎದುರಾಡಲಿಲ್ಲ. ನನಗೆ ಎಷ್ಟು ಹಗುರವಾಯಿತೆಂದರೆ, ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಸುಮತಿಯ ಜೊತೆ ಸುಮ್ಮನೆ ನಗುತ್ತಲೇ ಇದ್ದೆ.

ಕಪಾಟುಗಳನ್ನು ತೆಗೆಸಿದೆವು. ಬಿದಿರಿನ ಗಳಗಳ ಮೇಲೆ ಸೀರೆಗಳನ್ನು ಅರ್ಧ ಬಿಡಿಸಿ ಇಳಿಬಿಟ್ಟೆವು, ಉಳಿದವನ್ನು ಚಾಪೆಯ ಮೇಲೆ ಹರಡಿದೆವು. ಬಂದವರು ತಾವೇ ಎಳೆದು, ಮುಟ್ಟಿ, ಹೆಗಲ ಮೇಲೆ ಹಾಕಿ ನೋಡಬಹುದು, ಬೇಡವಾದರೆ ಹೋಗಬಹುದು. ಸಂಜೆ ನೇಕಾರರ ಮನೆಯ ಇಬ್ಬರು ಸರದಿಯಲ್ಲಿ ಬಂದು ನನ್ನೊಡನೆ ಮಡಿಸುತ್ತಿದ್ದರು. ದುಬಾಯಿ ಸೀರೆ ಎಲ್ಲಿಗೂ ಹೋಗಲಿಲ್ಲ, ಕೆಲವು ಮಗ್ಗಗಳು ನಿಂತೂ ಹೋದವು. ಆದರೆ ದೀಪಾವಳಿಯ ಹೊತ್ತಿಗೆ ಅಟ್ಟ ಖಾಲಿಯಾಗಿತ್ತು, ಅಂಗಡಿ ಮುಚ್ಚುವ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ. ಬೇರೆ ಊರಿನ ಸಂಘದವರು ನಮ್ಮ ಗಳಗಳನ್ನು ನೋಡಿ, ಅಳತೆ ಬರೆದುಕೊಂಡು ಹೋದರು. ಮಾಷ್ಟ್ರ ಬರಹ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಅದರ ಕೊನೆಗೆ ಸಂಶೋಧನೆಗೆ ನೆರವಾದವರೆಂದು ಒಂದೇ ಹೆಸರಿತ್ತು, ಲೀಲಕ್ಕನದ್ದು. ಪ್ರತಿ ವರ್ಷ ಅವರಿಗೊಂದು ಸೀರೆ ಒಯ್ಯಲು ಮಾಷ್ಟ್ರು ತಪ್ಪದೆ ಬರುತ್ತಿದ್ದರು.

ಅವರು ಕೊನೆಯ ಬಾರಿ ಬಂದದ್ದು ದಶಕ ಮುಗಿಯುತ್ತಿದ್ದಾಗ. ದೂರದ ಊರಿನ ಕಾಲೇಜಿಗೆ ಹೊರಟಿದ್ದರು. ಚಾಪೆಯ ಬಳಿ ಕೂತು ಒಂದೊಂದೇ ಸೀರೆ ಬಿಡಿಸಿದರು. ಸಣ್ಣ ಚೌಕುಳಿಯದ್ದು, ಕೆಂಪು ಅಂಚಿನದ್ದು, ಏಳೋ ಎಂಟೋ. ಅಂಚನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ ಎದ್ದು, "ಬರ್ತೇನೆ ಗೋಪಾಲಣ್ಣ," ಎಂದು ಬರಿಗೈಯಲ್ಲಿ ಮೆಟ್ಟಿಲಿಳಿದರು.

ನನಗೆ ತಡೆಯಲಾಗಲಿಲ್ಲ. ಚಪ್ಪಲಿಗೆ ಅರ್ಧ ಕಾಲು ತೂರಿಸಿ ಪೇಟೆಯ ನಡುವೆ ಓಡಿದೆ. "ಮಾಷ್ಟ್ರೆ, ಒಂದು ನಿಮಿಷ! ಯಾಕೆ ತೆಗೆದುಕೊಳ್ಳಲಿಲ್ಲ?"

ಅವರು ನಿಂತರು. ಮೊದಲು ನಕ್ಕರು. ಮತ್ತೆ ನಿಧಾನವಾಗಿ ಹೇಳಿದರು: "ಅಮ್ಮ ಹೋಗಿ ಎರಡು ತಿಂಗಳಾಯಿತು ಗೋಪಾಲಣ್ಣ. ಕೊಂಡು ಕೊಡಲಿಕ್ಕೆ ಯಾರೂ ಇಲ್ಲ. ಸುಮ್ಮನೆ ಮುಟ್ಟಿ ನೋಡಿ ಹೋಗುವ ಅನ್ನಿಸಿತು. ಹಾಗೆ ಹೋಗಲಿಕ್ಕೆ ಒಂದು ಅಂಗಡಿ ಉಂಟಲ್ಲ, ಅಷ್ಟು ಸಾಕು."

ಕಾರ್ಕಳದ ಬಸ್ಸು ಅವರನ್ನು ಹತ್ತಿಸಿಕೊಂಡು ಹೋಯಿತು. ನಾನು ಅಂಗಡಿಗೆ ಮರಳಿ, ಮಡಿಸುವವರು ಬರಲು ಇನ್ನೂ ಹೊತ್ತಿದ್ದರೂ, ಅವರು ಬಿಡಿಸಿಟ್ಟ ಸೀರೆಗಳನ್ನು ಒಬ್ಬನೇ ಕೂತು ಒಂದೊಂದಾಗಿ ಮಡಿಸಿದೆ.